ಖಡಕ್ ರೊಟ್ಟಿ ಪಾಕೀಟಿಗೆ ರೇಟ್ ಎಷ್ಟು ಇಡಬೇಕು? 60ಕ್ಕ ಕೊಟ್ರ ಏನೂ ಉಳೀವಲ್ದು

ಓಣಿ ಸಂಘ, ಹಳೇ ಹುಬ್ಬಳ್ಳಿ
ಎಲ್ಲಾರ್ಗೂ ನಮಸ್ಕಾರ್ರಿ. ಓಣಿಯ ಆರು ಮಂದಿ ಹೆಣ್ಮಕ್ಳು ಸೇರಿ ಖಡಕ್ ಜೋಳದ ರೊಟ್ಟಿ ಮಾಡಿ ಅಂಗಡಿಗೆ ಹಾಕ್ತೀವಿ. 10 ರೊಟ್ಟಿ ಪಾಕೀಟು, ಅಂಗಡಿಗೆ 60 ರೂಪಾಯಿ, ಅವ್ರು 70ಕ್ಕ ಮಾರ್ತಾರ. ಬಾಜೂ ಓಣಿಯವ್ರು ಅಷ್ಟಕ್ಕ ಕೊಡ್ತಾರಂತ ನೋಡಿ ಇಟ್ಟ ರೇಟ್ ಇದು. ಮಾಲು ನಿಲ್ಲೂದಿಲ್ಲ, ಹೋಗ್ತೈತಿ. ಆದ್ರ ತಿಂಗಳ ಕಡೀಗೆ ಹಂಚ್ಕೊಳ್ಳಾಕ ಕುಂತ್ರ ರೊಕ್ಕ ಇರೂದಿಲ್ಲ. ಜೋಳ ಕೆಜಿಗೆ 50, ಗಿರಣಿಗೆ 6, 19 ಕೆಜಿ ಸಿಲಿಂಡರ್‌ಗೆ 1800 ಬೀಳ್ತೈತಿ. ಈಗ ಒಂದು ದೊಡ್ಡ ಅಂಗಡಿಯವ್ರು 20 ಪರ್ಸೆಂಟ್ ಮಾರ್ಜಿನ್ ಕೊಡ್ರಿ, ಎಂಆರ್‌ಪಿ ಹಾಕ್ಕೊಂಡು ಬರ್ರಿ ಅಂದಾರ. ಎಷ್ಟು ಹಾಕೂದು? ಲೆಕ್ಕ ಹೆಂಗ ಮಾಡೂದು? ತಿಳಿದವ್ರು ಹೇಳ್ರಿ.

ದುರ್ಗದಬೈಲ್ ಗಿರಾಕಿ
70ರ ಮ್ಯಾಲ ಹೋದ್ರ ಯಾರೂ ತಗೊಳ್ಳಂಗಿಲ್ರಿ. ಬಾಜಾರ್ ರೇಟ್ ಅದ. ಅದರಾಗ ಹೆಂಗ ಕೂಡಿಸ್ತೀರಿ ನೋಡ್ರಿ.

ಲೆಕ್ಕದ ವಹಿ, ಧಾರವಾಡ
ಬಾಜಾರ್ ರೇಟಿನ ಮಾತು ಆಮ್ಯಾಲ. ಅಕ್ಕಾರ, ಮೊದಲು ನಾಕು ಮಾತು ಹೇಳ್ರಿ. ಒಂದು ಕೆಜಿ ಹಿಟ್ಟಿಗೆ ಎಷ್ಟು ರೊಟ್ಟಿ ಬೀಳ್ತಾವ, ಅದರಾಗ ಎಷ್ಟು ಮುರೀತಾವ? ಒಬ್ಬಾಕಿ ದಿನಕ್ಕ ಎಷ್ಟು ಬಡೀತಾಳ? ಅಂಗಡಿಯಿಂದ ವಾಪಸ್ ಬರೂ ಪಾಕೀಟು ಎಷ್ಟು? ಕೂಲಿ ಎಷ್ಟು ಹಿಡೀರಿ?

ಓಣಿ ಸಂಘ, ಹಳೇ ಹುಬ್ಬಳ್ಳಿ
ಕೆಜಿಗೆ 22 ಆಗ್ತಾವ್ರಿ, 2 ಮುರೀತಾವ. ಒಬ್ಬಾಕಿ 200. ನೂರು ಪಾಕೀಟಿನಾಗ 5 ವಾಪಸ್ ಬರ್ತಾವ, ಮುರಿದಿದ್ದು ಇಲ್ಲಾ ಮೆತ್ತಗಾಗಿದ್ದು. ಕೂಲಿ ಅಂತ ಹಿಡದಿಲ್ರಿ, ಉಳಿದಿದ್ದು ಹಂಚ್ಕೋತೀವಿ. ಬಾಡಿಗಿ, ಲೈಟ್ ಬಿಲ್, ಆಟೋ ಸೇರಿ ತಿಂಗಳಿಗೆ 12 ಸಾವಿರದ ಹತ್ರ.

ಲೆಕ್ಕದ ವಹಿ, ಧಾರವಾಡ
ಕೂಲಿ ಹಿಡದಿಲ್ಲ ಅಂದ್ರಲ್ಲ, ರೋಗ ಅಲ್ಲೇ ಅದ. ಒಂದು ಪಾಕೀಟಿನ ಲೆಕ್ಕ ಹಾಕೋಣ.

ಹಿಟ್ಟು: ಜೋಳ 50, ಬೀಸೂದು 6, ಗಿರಣಿಯಾಗ, ಜರಡಿಯಾಗ ಹೋಗೂದು 2. ಕೆಜಿಗೆ 58 ಆತು. ಮಾರೂ ಹಂಗ ಸಿಗೂ ರೊಟ್ಟಿ 20, ಅಂದ್ರ 10 ರೊಟ್ಟಿಗೆ 29.

ಕೂಲಿ: ದಿನಕ್ಕ 400 ಅಂತ ಹಿಡದ್ರ 200 ರೊಟ್ಟಿಗೆ ತಲಾ 2 ರೂಪಾಯಿ. ಇಲ್ಲೊಂದು ಸೂಕ್ಷ್ಮ ಅದ. 10 ರೊಟ್ಟಿ ಮಾರಬೇಕಂದ್ರ 11 ಬಡೀಬೇಕು, ಮುರಿದ ರೊಟ್ಟಿಗೂ ಕೈ ದಣದಿರ್ತಾವ. ಅದಕ್ಕ 22.

ಗ್ಯಾಸು: ಒಂದು ಸಿಲಿಂಡರಿಗೆ 2500 ರೊಟ್ಟಿ ಅಂತ ಹಿಡೀರಿ, ರೊಟ್ಟಿಗೆ 72 ಪೈಸೆ. ಹನ್ನೊಂದಕ್ಕ 8.

ಕವರು, ಲೇಬಲ್, ಡಬ್ಬಿಯ ಪಾಲು 4.50. ಆರು ಮಂದಿ ಬಡದ 1200ರಾಗ ಮುರಿದಿದ್ದು ಬಿಟ್ಟು ದಿನಕ್ಕ ಸುಮಾರು 110 ಪಾಕೀಟು, ತಿಂಗಳಿಗೆ 27 ದಿನ ಅಂದ್ರ ನಿಮ್ಮ 12 ಸಾವಿರದ ಪಾಲು ಪಾಕೀಟಿಗೆ 4.

ಕೂಡಿಸ್ರಿ, 67.50. ನೂರರಾಗ 5 ವಾಪಸ್ ಬರೂದರಿಂದ ಇದನ್ನ 0.95ರಿಂದ ಭಾಗಿಸಬೇಕು, 71 ಆಗ್ತದ. ಇದು ನಿಮ್ಮ ಅಸಲು. ಕೊಡೂದು 60ಕ್ಕ.

ಈಗ ಕೂಲಿ ತಗದು ನೋಡ್ರಿ. ಅಸಲು 48ಕ್ಕ ಇಳೀತದ, 12 ರೂಪಾಯಿ ಫಾಯಿದೆ ಅಂತ ಕಾಣ್ತದ. ಆ 12 ರೂಪಾಯಿ ಹೆಚ್ಚು ಕಡಿಮಿ ಹನ್ನೊಂದೂವರಿ ರೊಟ್ಟಿ ಬಡದಿದ್ದಕ್ಕ. ಹಂಗಂದ್ರ ಒಬ್ಬಾಕಿಗೆ ದಿನಕ್ಕ ಬೀಳೂದು ಸುಮಾರು 210 ರೂಪಾಯಿ. ಎಲ್ಲಾ ಮಾಲು ಹೋದ್ರೂ ರೊಕ್ಕ ಕಾಣಂಗಿಲ್ಲ ಯಾಕಂದ್ರ ಅರ್ಧ ಕೂಲಿ ಗಿರಾಕಿಗೆ ಕೊಟ್ಟು ಕಳಸ್ಲಿಕ್ಕತ್ತೀರಿ.

ಗಾಂಧಿಚೌಕ್ ಕಿರಾಣಿ
ಮನಿ ಕೆಲಸದ ನಡುವ ಮಾಡೂದಕ್ಕ 400 ಕೂಲಿ ಹಿಡದ್ರ ಯಾವ ಧಂದೇನೂ ನಡ್ಯಂಗಿಲ್ಲ. ಸಂಘ ಅಂದ ಮ್ಯಾಲ ಸ್ವಲ್ಪ ತ್ಯಾಗ ಇರಬೇಕು.

ಕಮಡೊಳ್ಳಿ ಅಗಸಿ, ಗದಗ
ತ್ಯಾಗದ ಮಾತು ಕವರ್ ಮಾರೂ ಅಂವಗ, ಗಿರಣಿಯವ್ನಿಗೆ ಹೇಳ್ತೀರೇನ್ರಿ? ಎಲ್ಲಾರ್ದೂ ಪೂರಾ ರೇಟ್, ಹಂಚಿನ ಮುಂದ ಕುಂತು ಹೊಗಿ ಕುಡಿಯಾಕಿಗೆ ಮಾತ್ರ ತ್ಯಾಗ. ನಾಳೆ ಒಬ್ಬಾಕಿ ಬಿಟ್ಟು ಹೋದ್ರ ಬ್ಯಾರೆದಾಕೀನ್ನ 400 ಕೊಟ್ಟ ಕರೀಬೇಕು. ಆ ದಿನ ರೇಟ್ ಎಲ್ಲಿಂದ ಬರ್ತೈತಿ? ಕೂಲಿ ಹಿಡೀದ ರೇಟ್ ರೇಟೇ ಅಲ್ಲ.

ಲ್ಯಾಮಿಂಗ್ಟನ್ ರೋಡ್
ವಹಿಯವ್ರ ಲೆಕ್ಕ ಒಪ್ಪತಕ್ಕದ್ದು. 71 ಅಸಲಿಗೆ, ಮಾರುವ ದರದ ಶೇಕಡಾ 10 ಸಂಘಕ್ಕೆ ಉಳಿಯುವಂತೆ ಇಟ್ಟರೆ 79. ಅದಕ್ಕೆ ಅಂಗಡಿಯ 20 ಪರ್ಸೆಂಟ್ ಸೇರಿಸಿ, 94.80. ಎಂಆರ್‌ಪಿ 95 ಹಾಕಿ.

ಶಿರೂರ್ ಪಾರ್ಕ್ ಏಜೆನ್ಸಿ
95 ಹಾಕಬ್ಯಾಡ್ರಿ ಅಕ್ಕಾರ, ಹೊಡತ ಬೀಳ್ತೈತಿ. ಅಂಗಡಿಯವ್ರು ಮಾರ್ಜಿನ್ ಅನ್ನೂದು ಎಂಆರ್‌ಪಿ ಮ್ಯಾಲಿನ ಲೆಕ್ಕ, ನಿಮ್ಮ ರೇಟಿನ ಮ್ಯಾಲ ಅಲ್ಲ. 95ರಾಗ 20 ಪರ್ಸೆಂಟ್ ಅಂದ್ರ 19 ಅವ್ರು ಮುರ್ಕೋತಾರ, ನಿಮಗ ಬರೂದು 76. ಪಾಕೀಟಿಗೆ 3 ರೂಪಾಯಿ ಹೋತು, ದಿನಕ್ಕ ನೂರು ಪಾಕೀಟಿಗೆ 300.

ಕೂಡಿಸೂದಲ್ಲ, ಭಾಗಿಸೂದು. 79 ಭಾಗಿಸು 0.80 ಅಂದ್ರ 98.75. ಎಂಆರ್‌ಪಿ 99. ಮ್ಯಾಲ 25 ಪರ್ಸೆಂಟ್ ಕೂಡಿಸಿದ್ರ ಕೆಳಗ 20 ಪರ್ಸೆಂಟ್ ಮಾರ್ಜಿನ್ ಸಿಗ್ತೈತಿ, ಎರಡೂ ಒಂದ ಅಲ್ಲ. ನಿಮ್ಮ 10 ಪರ್ಸೆಂಟ್ ಸುದ್ದಾ ಹಂಗ, 71 ಭಾಗಿಸು 0.90.

ನಡುವ ಡಿಸ್ಟ್ರಿಬ್ಯೂಟರ್ ಬಂದು 8 ಪರ್ಸೆಂಟ್ ಕೇಳಿದ್ರ 79ನ್ನ ಮೊದಲು 0.92ರಿಂದ ಭಾಗಿಸ್ರಿ, ಬಂದಿದ್ದನ್ನ 0.80ರಿಂದ. 107 ದಾಟ್ತೈತಿ. ಹುಬ್ಬಳ್ಳಿ ಊರೊಳಗ ಡಿಸ್ಟ್ರಿಬ್ಯೂಟರ್ ಬ್ಯಾಡ, ಆಟೋದಾಗ ನೀವ ಹಾಕ್ರಿ. ಬೆಳಗಾವಿ, ಬೆಂಗಳೂರಿಗೆ ಹೋಗೂದಿದ್ರ ಆವಾಗ ವಿಚಾರ ಮಾಡ್ರಿ.

ದುರ್ಗದಬೈಲ್ ಗಿರಾಕಿ
ನೋಡ್ರಿ ಮತ್ತ, 99! ಒಂದು ರೊಟ್ಟಿಗೆ 10 ರೂಪಾಯಿ ಆತು. ಯಾವ ಮನಿಯವ್ರು ಒಯ್ತಾರ್ರಿ? ಕಾಗದದ ಮ್ಯಾಲ ಲೆಕ್ಕ ಚೊಲೋ ಐತಿ, ಅಂಗಡಿಯಾಗ ಮಾಲು ಕೊಳೀತೈತಿ.

ಹಂಚಿನ ಮುಂದ, ನರಗುಂದ
ಅಣ್ಣಾರ ಹೇಳೂದ್ರಾಗ ತಥ್ಯ ಐತಿ. ಗಿರಾಕಿ ನಿಮ್ಮ ಖರ್ಚು ನೋಡೂದಿಲ್ಲ, ತನ್ನ ಕಿಸೆ ನೋಡ್ತಾನ. ಆದ್ರ 99ರಿಂದ ಇಳಿಯಾಕ ಕೂಲಿ ಕಡೀಬೇಕಂತಿಲ್ಲ. ಲುಕ್ಸಾನ ಎಲ್ಲೆಲ್ಲಿ ಐತಿ ಅದನ್ನ ಹಿಡೀರಿ.

ಮೊದಲನೇದು ಮುರಿಯೂದು. 22ಕ್ಕ 2 ಭಾಳ ಆತು. ಹಿಟ್ಟು ಬೀಸಿ 15 ದಿನ ದಾಟಿದ್ರ ಜಿಗಿ ಹೋಗ್ತೈತಿ, ಬಡಿಯೂ ಮುಂದ ಅಂಚು ಸೀಳ್ತೈತಿ. ವಾರಕ್ಕೊಮ್ಮಿ ಬೀಸಿಸ್ರಿ. ನೀರು ಕುದೀತಿರಬೇಕು, ಉಗುರು ಬೆಚ್ಚಗಿದ್ರ ಆಗಂಗಿಲ್ಲ. ಜೋಳ ಹಿಂಗಾರಿ ಮಾಲದಂಡಿ ಇರಲಿ. ಹೈಬ್ರೀಡ್ ಜೋಳ ಕೆಜಿಗೆ ನಾಕು ದುಡ್ಡು ಅಗ್ಗ ಸಿಗ್ತೈತಿ ಖರೆ, ಆದ್ರ ಮುರದು ಹೋಗೂದ್ರಾಗ ಆ ಉಳಿತಾಯ ತಿಂದ್ಹಾಕ್ತೈತಿ.

ಎರಡನೇದು ವಾಪಸ್ ಬರೂದು. ಬಿಸಿ ಇದ್ದಾಗ ಪ್ಯಾಕ್ ಮಾಡಿದ್ರ ಕವರಿನೊಳಗ ಬೆವರು ಕಟ್ಟಿ ರೊಟ್ಟಿ ಮೆತ್ತಗಾಗ್ತೈತಿ, ಬೂಸಲಾನೂ ಹಿಡೀತೈತಿ. ಅರಿವಿ ಮ್ಯಾಲ ಹರವಿ ಪೂರಾ ಆರಿಸ್ರಿ. ತೆಳ್ಳನ ಕವರು ಬ್ಯಾಡ. ಪಾಕೀಟಿನ ಕೆಳಗೊಂದು ದುಂಡನ ರಟ್ಟು ಹಾಕ್ರಿ, ಡಬ್ಬಿಯಾಗ 20ಕ್ಕಿಂತ ಹೆಚ್ಚು ಪೇರಿಸಬ್ಯಾಡ್ರಿ.

ಕೆಜಿಗೆ ಒಂದು ಮುರಿದ್ರ, ವಾಪಸ್ ನೂರಕ್ಕ 2ಕ್ಕ ಇಳಿದ್ರ ಎಂಆರ್‌ಪಿ ಎಷ್ಟು ಬರ್ತೈತಿ ವಹಿಯವ್ರು ಹೇಳ್ತಾರ.

ಲೆಕ್ಕದ ವಹಿ, ಧಾರವಾಡ
ಹಿಟ್ಟು 27.60, ಕೂಲಿ 21, ಗ್ಯಾಸು 7.50, ಉಳಿದದ್ದು ಮೊದಲಿನ ಹಂಗ 8.50. ಒಟ್ಟು 64.60. ವಾಪಸ್ ಹಿಡದು 66, ಫಾಯಿದೆ ಹಿಡದು 73.25. ಎಂಆರ್‌ಪಿ 91.50. ಯಾರ ಕೂಲಿನೂ ಕಡೀದ 7 ರೂಪಾಯಿ ಇಳೀತು. ರಟ್ಟಿನ ಖರ್ಚು ಬ್ಯಾರೆ, ಅದನ್ನ ಕೂಡಿಸಿ 92 ಇಲ್ಲಾ 93 ಹಿಡೀರಿ.

ಅಂಗಡಿಯವ್ರ ಜೋಡಿ ಒಂದು ಮಾತು ಆಡ್ರಿ. ಮಾಲು ವಾಪಸ್ ಇಲ್ಲಂದ್ರ 20 ಪರ್ಸೆಂಟ್, ವಾಪಸ್ ತಗೋಬೇಕಂದ್ರ 15. 15ಕ್ಕ ಒಪ್ಪಿದ್ರ ಎಂಆರ್‌ಪಿ 86ಕ್ಕ ಬರ್ತದ.

ಸಪ್ತಾಪುರ ಮೆಸ್
10ರ ಬದಲು 8 ರೊಟ್ಟಿ ಪಾಕೀಟು ಮಾಡಿ. ಪಿಜಿ ಹುಡುಗರಿಗೆ, ಇಬ್ಬರೇ ಇರುವ ಮನೆಗೆ ಅಷ್ಟು ಸಾಕು.

ಗಾಂಧಿಚೌಕ್ ಕಿರಾಣಿ
ಅದ ಪಾಕೀಟು, ಅದ 70 ರೂಪಾಯಿ, ಒಳಗ 8 ಹಾಕಿದ್ರ ಮುಗೀತು. ಎಲ್ಲಾ ಬಿಸ್ಕೀಟ್ ಕಂಪನಿಯವ್ರು ಅದನ್ನ ಮಾಡ್ತಾರ.

ಹಂಚಿನ ಮುಂದ, ನರಗುಂದ
ಸಪ್ತಾಪುರದವ್ರು ಹೇಳಿದ್ದು ಬ್ಯಾರೆ, ನೀವು ಹೇಳೂದು ಬ್ಯಾರೆ. 8 ಅಂತ ದೊಡ್ಡದಾಗಿ ಬರದು ಮಾರ್ರಿ, ಅದು ನ್ಯಾಯ. ಮೊದಲಿನ ಲೆಕ್ಕದಾಗ 8ರ ಪಾಕೀಟಿಗೆ ಎಂಆರ್‌ಪಿ ಹೆಚ್ಚು ಕಡಿಮಿ 80 ಬರ್ತೈತಿ. ಸಂಖ್ಯೆ ಅದ ಇಟ್ಟು ರೊಟ್ಟಿ ತೆಳ್ಳಗ ಮಾಡೂದು ಮಾತ್ರ ಬ್ಯಾಡ. ತೆಳ್ಳಗಾದಷ್ಟೂ ಹೆಚ್ಚು ಮುರೀತಾವ, ಹಿಟ್ಟಿನಾಗ ಉಳಿಸಿದ್ದು ಆಟೋದಾಗ ಹೋಗ್ತೈತಿ. ರೊಟ್ಟಿ ತಿನ್ನಾಂವಗ ಕೈಯಾಗ ಹಿಡದ ಕೂಡ್ಲೇ ಗೊತ್ತಾಗ್ತೈತಿ.

ಲ್ಯಾಮಿಂಗ್ಟನ್ ರೋಡ್
ಯಂತ್ರ ಹಾಕಿದರೆ? ರೊಟ್ಟಿ ಒತ್ತುವ ಯಂತ್ರ ಬಂದಿವೆಯಲ್ಲ.

ಲೆಕ್ಕದ ವಹಿ, ಧಾರವಾಡ
ಒಂದೂವರಿ ಲಕ್ಷದ್ದು ಅಂತ ಹಿಡೀರಿ. 5 ವರ್ಷ ಬಾಳಿಕಿ, ವರ್ಷಕ್ಕ 300 ದಿನ ನಡದ್ರ ದಿನಕ್ಕ 100 ರೂಪಾಯಿ ಸವಕಳಿ. ದಿನಕ್ಕ 1000 ರೊಟ್ಟಿ ಒತ್ತಿದ್ರ ರೊಟ್ಟಿಗೆ 10 ಪೈಸೆ, 200 ಒತ್ತಿದ್ರ 50 ಪೈಸೆ. ಸಾಲದ ಬಡ್ಡಿ, ರಿಪೇರಿ ಬ್ಯಾರೆ. ಆರ್ಡರ್ ಮೊದಲು, ಯಂತ್ರ ಆಮ್ಯಾಲ.

ಓಣಿ ಸಂಘ, ಹಳೇ ಹುಬ್ಬಳ್ಳಿ
ಭಾಳ ಉಪಕಾರ ಆತ್ರಿ ಎಲ್ಲಾರ್ದೂ. ಇನ್ನೊಂದು ಕೇಳ್ತೀನಿ. ವಿದ್ಯಾನಗರದ ಕಡೆ ಒಂದು ಹಾಸ್ಟೆಲಿನವ್ರು ದಿನಾ 300 ರೊಟ್ಟಿ ಬಿಡಿ ಬೇಕು, 6 ರೂಪಾಯಿಗೆ ಕೊಡ್ರಿ ಅಂತಾರ. ಕೊಡಬೇಕೋ ಬ್ಯಾಡೋ?

ಕಮಡೊಳ್ಳಿ ಅಗಸಿ, ಗದಗ
ಬ್ಯಾಡ. ಒಮ್ಮಿ 6ಕ್ಕ ಕೊಟ್ರ ಮುಂದ 7 ಅಂದಾಗ ಕಳ್ಳರ್ನ ನೋಡಿದಂಗ ನೋಡ್ತಾರ.

ಶಿರೂರ್ ಪಾರ್ಕ್ ಏಜೆನ್ಸಿ
ಅಷ್ಟ್ ಲಗೂನ ಬ್ಯಾಡ ಅನಬ್ಯಾಡ್ರಿ. ಹಾಸ್ಟೆಲಿಗೆ ಕವರಿಲ್ಲ, ಲೇಬಲ್ಲಿಲ್ಲ, ವಾಪಸ್ ಇಲ್ಲ. 10ಕ್ಕ ಹಿಟ್ಟು 29, ಕೂಲಿ 22, ಗ್ಯಾಸು 8, ಕಾಗದ ಅರ್ಧ ರೂಪಾಯಿ. 59.50. ಬಾಡಿಗಿ ಹೆಂಗೂ ಕೊಡಬೇಕಲ್ಲ, ಈ ಆರ್ಡರ್ ಬಂದ್ರೂ ಅದ, ಬರದಿದ್ರೂ ಅದ. ಅದಕ್ಕ ರೊಟ್ಟಿಗೆ 5.95 ತಳ. 6 ಅಂದ್ರ ಕೂಲಿ ಹುಟ್ಟತೈತಿ, ಲುಕ್ಸಾನ ಇಲ್ಲ.

ಕಮಡೊಳ್ಳಿ ಅಗಸಿ, ಗದಗ
ಇದ್ದ ಆರು ಮಂದಿ ಆಗಲೇ ದಿನಕ್ಕ ತಲಾ 200 ಬಡೀತಾರ. 300 ಹೆಚ್ಚಿಂದು ಯಾರು ಬಡಿಯಾವ್ರು? ಅಂಗಡಿ ಮಾಲು ಕಡಿಮಿ ಮಾಡಿ ಹಾಸ್ಟೆಲಿಗೆ ಕೊಟ್ರ ಫಾಯಿದೆ ಇದ್ದದ್ದು ಬಿಟ್ಟು ಇಲ್ಲದ್ದು ಹಿಡದಂಗ. ಬಾಡಿಗಿ ಹೆಂಗೂ ಕೊಡ್ತೀವಿ ಅನ್ನೂ ಲೆಕ್ಕ ಕೈ ಖಾಲಿ ಇದ್ದಾಗ ಮಾತ್ರ.

ಲೆಕ್ಕದ ವಹಿ, ಧಾರವಾಡ
ಗದಗಿನವ್ರ ಮಾತು ಸರಿ. ಇನ್ನಿಬ್ಬರು ಹೊಸಬರು ಸೇರ್ತಾರಂದ್ರ ಕೇಳಬೇಕಾದ ರೇಟ್ 7. ಬಾಡಿಗಿ ಪಾಲು, 10 ಪರ್ಸೆಂಟ್ ಎರಡೂ ಅದರಾಗ ಬರ್ತಾವ. 6.50ಕ್ಕ ನಿಂತ್ರೂ ನಡೀತದ, ಆದ್ರ ಎರಡು ಶರತ್ತು. ರೊಕ್ಕ ವಾರಕ್ಕೊಮ್ಮಿ. ಸೂಟಿಯೊಳಗ ಬಂದ್ ಮಾಡೂ ಮುಂದ 15 ದಿನ ಮೊದಲು ಹೇಳಬೇಕು, ಇಲ್ಲಂದ್ರ ಹೊಸಬರಿಗೆ ಏನ್ ಕೆಲಸ ಕೊಡ್ತೀರಿ?

ಮುದ್ರಣ, ಬೆಟಗೇರಿ
ರೊಟ್ಟಿ ಮಾತಿನ ನಡುವ ಒಂದು ಮಾತು. 1000 ಲಗ್ನಪತ್ರಿಕಿಗೆ 5500 ಅಂದ್ರ 500ಕ್ಕ 2750 ಕೊಡ್ತೀವಿ ಅಂತಾರ ಜನ. ಡಿಸೈನು, ಪ್ಲೇಟು, ಯಂತ್ರ ಕೂಡಿಸೂದು 1500 ಎಷ್ಟು ಪ್ರತಿ ಹೊಡದ್ರೂ ಅದ ಖರ್ಚು. ಕಾಗದ, ಶಾಯಿ, ಕೂಲಿ ಪತ್ರಿಕಿಗೆ 4. 500ಕ್ಕ 3500 ಆಗ್ತೈತಿ, ತಲಾ 7. ಅರ್ಧ ಮಾಲಿಗೆ ಅರ್ಧ ರೇಟ್ ಅಂತ ಯಾವ ಪ್ರೆಸ್ಸಿನ್ಯಾಗೂ ಆಗೂದಿಲ್ಲ.

ಟ್ರ್ಯಾಕ್ಟರ್, ಹಾನಗಲ್ಲ
ನಮ್ಮ ಕಡೆ ಹೊಲದ ಮಣ್ಣು ಪುಡಿ ಮಾಡೂ ರೊಟಾವೇಟರ್ ಬಾಡಿಗೀನೂ ಹಂಗ. ತಾಸಿಗೆ ಆರು ಲೀಟರ್ ಡೀಸೆಲ್, 90ರ ಲೆಕ್ಕದಾಗ 540. ಡ್ರೈವರ್ 100, ಬ್ಲೇಡ್ ಸವಿಯೂದು 60, ಗಾಡಿ ಸವಕಳಿ, ಸರ್ವಿಸ್ 200. 900 ಅಲ್ಲೇ ಆತು. ಅದರ ಮ್ಯಾಲ ಹೊಲಕ್ಕ ಹೋಗಿ ಬರೂ ಡೀಸೆಲ್ ಯಾರೂ ಹಿಡಿಯೂದಿಲ್ಲ. ಅರ್ಧ ಎಕರೆಗೆ ನಾಕು ಕಿಲೋಮೀಟರ್ ಕರಸಿ ಅರ್ಧ ತಾಸಿನ ಬಾಡಿಗಿ ಕೊಡ್ತಾರ. ಅದಕ್ಕ ಕನಿಷ್ಠ ಒಂದು ತಾಸು ಅಂತ ಮೊದಲ ಹೇಳಿ ಬಿಡಬೇಕು.

ಡಬ್ಬಿ ಮೆಣಸಿನಕಾಯಿ, ಬ್ಯಾಡಗಿ
ನೀವೆಲ್ಲಾ ಅಸಲು ಕೂಡಿಸಿ ರೇಟ್ ಇಡಬಹುದು. ರೈತಗ ಆ ಹಕ್ಕು ಎಲ್ಲೈತಿ? ಚೀಲ ತಂದು ಇಳಸ್ಬೇಕು, ಟೆಂಡರಿನಾಗ ಬರದಷ್ಟಕ್ಕ ಕೊಡಬೇಕು. 2024ರ ಮಾರ್ಚ್‌ನಾಗ ಧಾರಣಿ ಬಿದ್ದಾಗ ಬ್ಯಾಡಗಿ ಎಪಿಎಂಸಿಯೊಳಗ ಸಿಟ್ಟು ಬೆಂಕಿ ಹಚ್ಚೂ ಮಟ ಹೋತು, ಎಲ್ಲಾರೂ ನೋಡೀರಿ.

ಅಡತಿ, ಬ್ಯಾಡಗಿ
ರೇಟ್ ಇಡೂದು ರೈತನ ಕೈಯಾಗಿಲ್ಲ, ಖರೆ. ಮಾಲಿನ ದರ್ಜೆ ಮಾತ್ರ ಸ್ವಲ್ಪ ಕೈಯಾಗೈತಿ. ಖರೀದಿದಾರ ಮೊದಲು ನೋಡೂದು ಬಣ್ಣ, ಆಮ್ಯಾಲ ಹಸಿ. ಬ್ಯಾಡಗಿ ಕಾಯಿಗೆ ಬೆಲೆ ಖಾರಕ್ಕಲ್ಲ, ಕೆಂಪು ಬಣ್ಣಕ್ಕ. ಬಣ್ಣ ತಗಿಯೂ ಕಾರ್ಖಾನಿಗೆ ಹೋಗೂ ಮಾಲು ಅದು. ಪೂರಾ ಒಣಗಿರದ ಕಾಯಿ ತೂಕ ಬರ್ತೈತಿ ಅಂತ ತಂದ್ರ ತೂಕದಾಗ ಗಳಿಸಿದ್ದಕ್ಕಿಂತ ಧಾರಣಿಯಾಗ ಹೆಚ್ಚು ಹೋಗ್ತೈತಿ. ಬಣ್ಣ ಹೋದ ಬಿಳಿಗಾಯಿ ಆರಿಸಿ ಬ್ಯಾರೆ ಚೀಲಕ್ಕ ಹಾಕ್ರಿ. ಕಲಬೆರಕಿ ಚೀಲಕ್ಕ ಕೆಳಗಿನ ದರ್ಜೆ ರೇಟ್ ಬರೀತಾರ.

ಡಬ್ಬಿ ಮೆಣಸಿನಕಾಯಿ, ಬ್ಯಾಡಗಿ
ಆರಸೂ ಕೂಲಿ ಯಾರು ಕೊಡ್ತಾರ್ರಿ? ಅದೂ ರೈತನ ತಲಿ ಮ್ಯಾಲ.

ಅಡತಿ, ಬ್ಯಾಡಗಿ
ಚೀಲಕ್ಕ ಎಷ್ಟು ಬಿಳಿಗಾಯಿ ಐತಿ ಅದರ ಮ್ಯಾಲ. ಭಾಳ ಇದ್ರ ಆರಸೂ ಕೂಲಿ ಹುಟ್ಟತೈತಿ, ಅಲ್ಲೊಂದು ಇಲ್ಲೊಂದು ಇದ್ರ ಹುಟ್ಟಂಗಿಲ್ಲ. ಒಂದು ಚೀಲ ಆರಿಸಿ ತೂಗಿ ನೋಡಿ ನಿರ್ಧಾರ ಮಾಡ್ರಿ.

ತೆರಿಗೆ ಸಲಹೆ, ಹಾವೇರಿ
ಮತ್ತೆ ರೊಟ್ಟಿಗೆ ಬರೋಣ, ಎಂಆರ್‌ಪಿ ಹಾಕುವ ಮುನ್ನ ತೆರಿಗೆ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಇಲ್ಲ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿಯೂ ಬೇಕಿಲ್ಲ. ಸಂಘದ ಲೆಕ್ಕ, ವಾಪಸ್ ಬಂದದ್ದು ಕಳೆದು ದಿನಕ್ಕೆ 105 ಪಾಕೀಟು, 79ರಂತೆ, ತಿಂಗಳಿಗೆ 27 ದಿನ, ವರ್ಷಕ್ಕೆ ಸುಮಾರು 27 ಲಕ್ಷ. ಜೊತೆಗೆ ಶೇಂಗಾ ಚಟ್ನಿ ಹಾಕುವ ವಿಚಾರವಿದ್ದರೆ ಅದರ ದರ ಬೇರೆ, ಅದನ್ನು ರೊಟ್ಟಿಯೊಂದಿಗೆ ಸೇರಿಸಿ ಒಂದೇ ಪಾಕೀಟು ಮಾಡುವ ಮೊದಲು ಕೇಳಿ.

ಲೇಬಲ್ ಮೇಲೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಒಂದು ರೊಟ್ಟಿಗೆ ಅಥವಾ ಒಂದು ಗ್ರಾಮಿಗೆ ಬೀಳುವ ಬೆಲೆ, ನಿವ್ವಳ ಪ್ರಮಾಣ, ತಯಾರಿಸಿದ ದಿನಾಂಕ, ವಿಳಾಸ, ದೂರಿಗೆ ಫೋನ್ ನಂಬರ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ ಇರಬೇಕು. ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ.

ಗಾಂಧಿಚೌಕ್ ಕಿರಾಣಿ
ದೊಡ್ಡ ಅಂಗಡಿಯವ್ರು 20 ಪರ್ಸೆಂಟ್ ಕೇಳೂದಷ್ಟ ಅಲ್ಲ, ರೊಕ್ಕ ಎರಡು ತಿಂಗಳ ತಡಾ ಮಾಡ್ತಾರ. ಅದನ್ನ ಯಾರೂ ಹೇಳಲಿಲ್ಲಲ್ಲ.

ಶಿರೂರ್ ಪಾರ್ಕ್ ಏಜೆನ್ಸಿ
ಇದು ಚೊಲೋ ಮಾತು ಹೇಳಿದ್ರಿ. ತಿಂಗಳಿಗೆ 2 ಪರ್ಸೆಂಟ್ ಬಡ್ಡಿ ಅಂದ್ರ 79ಕ್ಕ ಎರಡು ತಿಂಗಳಿಗೆ 3 ರೂಪಾಯಿ ಮ್ಯಾಲ. ನಿಮ್ಮ ಫಾಯಿದೆ 8, ಅದರಾಗ 3 ಉದ್ರಿಗೆ ಹೋತು. ಎರಡು ರೇಟ್ ಇಡ್ರಿ, ರೋಖ ಕೊಟ್ರ 79, ಉದ್ರಿ ಆದ್ರ 82. ಮತ್ತ ಉದ್ಯಮ್ ಅಂತ ಸಣ್ಣ ಉದ್ದಿಮಿಗಳ ಸರ್ಕಾರಿ ನೋಂದಣಿ ಐತಿ, ಅದನ್ನ ಮಾಡಸ್ರಿ, ಅದಕ್ಕ ಶುಲ್ಕ ಇಲ್ಲ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮಿಗಳ) ಕಾಯ್ದೆ ಪ್ರಕಾರ ಸಣ್ಣ ತಯಾರಕರ ರೊಕ್ಕ ಹೆಚ್ಚಂದ್ರ 45 ದಿನದೊಳಗ ಕೊಡಬೇಕು, ತಡಾ ಆದ್ರ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಿಲ್ಲಿನ ಮ್ಯಾಲ ಉದ್ಯಮ್ ನಂಬರ್ ಹಾಕಿ ಕೊಡ್ರಿ.

ಹಂಚಿನ ಮುಂದ, ನರಗುಂದ
ಮಳಿಗಾಲದ್ದು ಬಿಟ್ಟೀವಿ. ಶ್ರಾವಣದಾಗ ಹವಾ ತಂಪಿದ್ರ ರೊಟ್ಟಿ ಖಡಕ್ ಆಗಾಕ ಹೆಚ್ಚು ಹೊತ್ತು ಹಂಚಿನ ಮ್ಯಾಲ ಇಡಬೇಕು, ಸಿಲಿಂಡರಿಗೆ 2500 ಬರೂದು 2000ಕ್ಕ ಇಳಿದ್ರ ಪಾಕೀಟಿಗೆ 2 ರೂಪಾಯಿ ಹೆಚ್ಚು. ವಾಪಸ್ಸೂ ಹೆಚ್ಚು. ಎಂಆರ್‌ಪಿ ಬ್ಯಾಸಿಗಿ ಲೆಕ್ಕದಾಗ ಹಾಕಿದ್ರ ಮಳಿಗಾಲದಾಗ ಕೈ ಸುಡ್ತೈತಿ. ಜೋಳ ಫೆಬ್ರುವರಿ-ಮಾರ್ಚ್ ಸುಗ್ಗಿಯಾಗ ಕೊಂಡು ಇಡ್ರಿ, ಬಿಸಲಿಗೆ ಒಣಗಿಸಿ ಬೇವಿನೆಲಿ ಹಾಕಿ ಚೀಲ ಕಟ್ರಿ. ಮುರಿದ ರೊಟ್ಟಿ ಎಸೀಬ್ಯಾಡ್ರಿ, ಒಗ್ಗರಣಿ ಕೊಟ್ಟು ಪಾವ್ ಕೆಜಿ ಕವರ್ ಮಾಡಿ ಮಾರ್ರಿ.

ಓಣಿ ಸಂಘ, ಹಳೇ ಹುಬ್ಬಳ್ಳಿ
ಎಲ್ಲಾರೂ ಕುಂತು ಮಾತಾಡಿದ್ವಿ. ಹಳೇ ಅಂಗಡಿಗಳಿಗೆ 8ರ ಪಾಕೀಟು ಎಂಆರ್‌ಪಿ 80, ದೊಡ್ಡ ಅಂಗಡಿಗೆ 10ರದ್ದು 95 ಹಾಕೋಣಂತ, ಮುರಿಯೂದು ಕಡಿಮಿ ಮಾಡ್ಕೊಂಡು. ಹಾಸ್ಟೆಲಿಗೆ 7 ಅಂತ ಹೇಳ್ತೀವಿ. ಒಂದು ತೊಂದ್ರಿ ಐತಿ. 70 ರೂಪಾಯಿ, 10 ರೊಟ್ಟಿ ಅಂತ ಛಾಪಿಸಿದ ಹಳೇ ಲೇಬಲ್ 3000 ಉಳದಾವ. ಮ್ಯಾಲ ಸ್ಟಿಕ್ಕರ್ ಹಚ್ಚಬಹುದೇನ್ರಿ?

ತೆರಿಗೆ ಸಲಹೆ, ಹಾವೇರಿ
ಬೆಲೆ ಏರಿಸಲು ಸ್ಟಿಕ್ಕರ್ ಹಚ್ಚುವಂತಿಲ್ಲ ಅಕ್ಕಾ. ಇಳಿಸಲು ಮಾತ್ರ ಅವಕಾಶವಿದೆ, ಅದೂ ಹಳೆಯ ಎಂಆರ್‌ಪಿ ಮುಚ್ಚದಂತೆ. ಆ 3000 ಬಿಟ್ಟುಬಿಡಿ.

ಮುದ್ರಣ, ಬೆಟಗೇರಿ
ಮುಂದಿನ ಸಲ ಎಂಆರ್‌ಪಿ, ಒಂದು ರೊಟ್ಟಿ ಬೆಲೆ, ಸಂಖ್ಯೆ, ದಿನಾಂಕ ಇವಿಷ್ಟಕ್ಕ ಖಾಲಿ ಚೌಕ ಬಿಟ್ಟು ಛಾಪಿಸ್ರಿ. ಪ್ಯಾಕ್ ಮಾಡೂ ದಿನ ಕೈಯಾಗ ಹಿಡದು ಹೊಡಿಯೂ ಕೋಡಿಂಗ್ ಯಂತ್ರದ್ಲೆ ಅಚ್ಚು ಹಾಕಿದ್ರಾತು. ಹೊಳಪಿನ ಕವರಿಗೆ ಮಾಮೂಲಿ ಶಾಯಿ ಹಚ್ಚಬ್ಯಾಡ್ರಿ, ತಿಕ್ಕಿದ್ರ ಅಳಸ್ತೈತಿ. ಬೇಗ ಒಣಗೂ ಸಾಲ್ವೆಂಟ್ ಶಾಯಿ ಕೇಳಿ ತಗೋರಿ.